ಕಾಯುವವರ ಮೊರೆ

ಡಿಸೆಂಬರಿನ ಬೆಳಗಿನ ಜಾವ ವೈಟ್‌ಫೀಲ್ಡಿನ ಯಾವ ಬೀದಿಯಲ್ಲಿ ನಡೆದರೂ ಗೇಟಿಗೊಬ್ಬರಂತೆ ಎಚ್ಚರವಾಗಿ ಕೂತಿರುತ್ತಾರೆ. ನಮ್ಮ ಅಪಾರ್ಟ್‌ಮೆಂಟಿನಲ್ಲಿ ರಾತ್ರಿ ಪಾಳಿ ಮಾಡುವ ಸೆಕ್ಯುರಿಟಿಯವರು ಮಂಕಿ ಕ್ಯಾಪ್ ಎಳೆದುಕೊಂಡು, ಪ್ಲಾಸ್ಟಿಕ್ ಕುರ್ಚಿಯಲ್ಲಿ ಶಾಲು ಹೊದ್ದು, ಮೂಡಣದ ಕಡೆ ಮುಖ ಮಾಡಿರುತ್ತಾರೆ. ಒಂದು ದಿನ ಕೇಳಿದೆ: "ನಿದ್ದೆ ಬರಲ್ವಾ ಅಣ್ಣ?" ಅವರು ಹೇಳಿದರು: "ಎರಡರಿಂದ ನಾಲ್ಕರ ತನಕ ತುಂಬಾ ಕಷ್ಟ ಸಾರ್. ನಾಲ್ಕು ದಾಟಿದ್ರೆ ಬೆಳಕು ಹರಿಯುತ್ತೆ ಅಂತ ಗೊತ್ತಲ್ಲ, ಆಮೇಲೆ ಪರವಾಗಿಲ್ಲ."

ಬೈಬಲಿನ 130ನೆಯ ಕೀರ್ತನೆ ನೆನಪಾಯಿತು. ಆಳದೊಳಗಿಂದ ದೇವರನ್ನು ಕೂಗುವ ಮನುಷ್ಯನೊಬ್ಬ ಅಲ್ಲಿ, ಬೆಳಗಿಗಾಗಿ ಕಾದಿರುವ ಕಾವಲುಗಾರನಿಗಿಂತ ಹೆಚ್ಚಾಗಿ ತಾನು ಕಾದಿದ್ದೇನೆ ಎನ್ನುತ್ತಾನೆ. ಅದನ್ನೇ ಮತ್ತೊಮ್ಮೆ ಹೇಳುತ್ತಾನೆ. ಚಿಕ್ಕಂದಿನಿಂದ ಕೇಳಿದ ಮಾತು. ಯಾಕೆ ಎರಡು ಸಲ ಎಂದು ನಾನು ಯೋಚಿಸಿದ್ದು ಆ ಬೆಳಿಗ್ಗೆಯೇ. ರಾತ್ರಿಯಿಡೀ ಎದ್ದಿರುವವನಿಗೆ ಬೆಳಕು ಬರುತ್ತದೆಂಬ ಬಗ್ಗೆ ಅನುಮಾನವಿಲ್ಲ. ಅದನ್ನು ಒಂದು ನಿಮಿಷ ಮುಂಚೆ ಬರಿಸುವ ಶಕ್ತಿಯೂ ಅವನಿಗಿಲ್ಲ. ಇವೆರಡರ ನಡುವೆ ಕೂತವನು ಹೇಳಿದ್ದನ್ನೇ ಹೇಳುತ್ತಾನೆ.

ಕ್ರೈಸ್ತರಿಗೆ ಡಿಸೆಂಬರ್ ಎಂದರೆ ಆಗಮನ ಕಾಲ, ಕ್ರಿಸ್ತನ ಬರವಿಗೆ ಕಾಯುವ ಕಾಲ. ನವೆಂಬರ್ 27ರಿಂದ ಡಿಸೆಂಬರ್ 3ರ ನಡುವೆ ಬೀಳುವ ಭಾನುವಾರ ಶುರುವಾಗಿ, ನಾಲ್ಕು ಭಾನುವಾರಗಳನ್ನು ದಾಟಿ ಕ್ರಿಸ್ಮಸ್ ಹಿಂದಿನ ದಿನಕ್ಕೆ ಮುಗಿಯುತ್ತದೆ. 2025ರಲ್ಲಿ ನವೆಂಬರ್ 30ಕ್ಕೆ ಶುರುವಾಯಿತು. ಗುರುಗಳು ನೇರಳೆ ಬಣ್ಣದ ಉಡುಪು ತೊಡುತ್ತಾರೆ. ಕಥೋಲಿಕರ ಭಾನುವಾರದ ಬಲಿಪೂಜೆಯಲ್ಲಿ ಮಹಿಮಾಗೀತೆ ಹಾಡುವುದಿಲ್ಲ. ಸಂಭ್ರಮವನ್ನು ಬೇಕೆಂದೇ ತಡೆಹಿಡಿಯುವ ಕಾಲ ಇದು. ಆದರೆ ನವೆಂಬರಿನಲ್ಲೇ ಮಾಲ್‌ಗಳಲ್ಲಿ ಮರ ನಿಂತಿರುತ್ತದೆ, ಆಫೀಸುಗಳಲ್ಲಿ ಕೆಂಪು ಟೋಪಿ ಹಂಚಿರುತ್ತಾರೆ. ನಮ್ಮ ಚರ್ಚುಗಳಲ್ಲೂ ಡಿಸೆಂಬರ್ ಮೊದಲ ವಾರಕ್ಕೇ ಕ್ಯಾರಲ್ಸ್ ಮುಗಿದು, ಕೇಕ್ ಹಂಚಿ, ಫೋಟೋ ತೆಗೆದಾಗಿರುತ್ತದೆ. ಹಬ್ಬ ಮಾಡುವವರ ಮೇಲೆ ನನಗೆ ಸಿಟ್ಟಿಲ್ಲ. ಆದರೆ ವರ್ಷದ 52 ವಾರಗಳಲ್ಲಿ ಇನ್ನೂ ಏನೂ ಸಿಗದವನು ಸಿಗದವನಾಗಿಯೇ ಬಂದು ನಿಲ್ಲಲು ಇಟ್ಟಿದ್ದ ವಾರಗಳು ಇವು. ಅವನ್ನೂ ಹಬ್ಬ ನುಂಗಿದರೆ ಅಂಥವನು ಎಲ್ಲಿ ನಿಲ್ಲಬೇಕು?

ಬೆಂಗಳೂರಿನಲ್ಲಿ ಅಂಥವರು ಬಹಳ ಮಂದಿ ಇದ್ದಾರೆ. ಎಲೆಕ್ಟ್ರಾನಿಕ್ ಸಿಟಿಯ ಹುಡುಗ "ಬೆಂಚ್ ಮೇಲಿದ್ದೀನಿ" ಎನ್ನುತ್ತಾನೆ. ಕೆಲಸ ಇದೆ, ಪ್ರಾಜೆಕ್ಟ್ ಇಲ್ಲ. ಮುಂದಿನ ತಿಂಗಳು ಮೇಲ್ ಬರುತ್ತದೋ, ಎಚ್‌ಆರ್‌ನಿಂದ ಕರೆ ಬರುತ್ತದೋ ಗೊತ್ತಿಲ್ಲ. ಪೀಣ್ಯದಲ್ಲಿ ಕಾಂಟ್ರಾಕ್ಟ್ ಮೇಲೆ ಲೇತ್ ಓಡಿಸುವವನಿಗೆ ಪ್ರತಿ ವರ್ಷ ಅದೇ ಉತ್ತರ: "ಪರ್ಮನೆಂಟ್ ಮಾಡ್ತೀವಿ, ಸ್ವಲ್ಪ ತಾಳಪ್ಪ." ಸರ್ಜಾಪುರ ರಸ್ತೆಯಲ್ಲಿ ಫ್ಲ್ಯಾಟ್ ಬುಕ್ ಮಾಡಿದ ಕುಟುಂಬ ಒಂದು ಕಡೆ ಇಎಂಐ, ಇನ್ನೊಂದು ಕಡೆ ಬಾಡಿಗೆ ಕಟ್ಟುತ್ತ ಬೀಗದ ಕೈಗೆ ಕಾದಿದೆ. ಹೊಸೂರು ರಸ್ತೆಯವರು ಮೆಟ್ರೊ ಕಂಬಗಳನ್ನು ವರ್ಷಗಟ್ಟಲೆ ನೋಡುತ್ತ ಟ್ರಾಫಿಕ್ಕಿನಲ್ಲಿ ಕೂತರು. ಹಳಿ ಸಿದ್ಧವಾದ ಮೇಲೂ ಬೋಗಿ ಬರಲಿಲ್ಲವೆಂದು ಕಾದರು. ಹಳದಿ ಮಾರ್ಗ ಕೊನೆಗೆ ಉದ್ಘಾಟನೆಯಾದದ್ದು 2025ರ ಆಗಸ್ಟ್ 10ರಂದು. ಮೆಟ್ರೊ ಬಂತು. ಎಲ್ಲರ ಕಾಯುವಿಕೆಗೂ ಹಾಗೆ ತಾರೀಖು ಬೀಳುವುದಿಲ್ಲ.

ಇವರಿಗೆ ಚರ್ಚಿನಲ್ಲಿ ಸಿಗುವ ಉಪದೇಶವೂ ಸಾಮಾನ್ಯವಾಗಿ ಫ್ಯಾಕ್ಟರಿಯಲ್ಲಿ ಸಿಕ್ಕ ಮಾತೇ: ತಾಳ್ಮೆಯಿಂದಿರಿ. ನಮ್ಮಲ್ಲಿ ಗಾದೆಯೂ ಇದೆ, ತಾಳಿದವನು ಬಾಳಿಯಾನು. ಸುಳ್ಳು ಗಾದೆಯಲ್ಲ. ಆದರೆ ಅದನ್ನು ಯಾರು ಯಾರಿಗೆ ಹೇಳುತ್ತಿದ್ದಾರೆ ಎಂದು ಗಮನಿಸಬೇಕು. ಹೆಚ್ಚಿನ ಸಲ ಕಾಯುವ ಕಷ್ಟ ಇಲ್ಲದವನು ಕಾಯುವವನಿಗೆ ಹೇಳುವ ಮಾತು ಅದು. ಪ್ರಾಮಾಣಿಕವಾಗಿ ಮೊರೆಯಿಡಲು ಬಿಡದೆ ತಾಳ್ಮೆ ಕಲಿಸಲು ಹೋದರೆ ಕಲಿಯುವುದು ತಾಳ್ಮೆಯನ್ನಲ್ಲ, ಬಾಯಿ ಮುಚ್ಚಿಕೊಂಡಿರುವುದನ್ನು. ಹಾಗೆ ಮುಚ್ಚಿದ ಬಾಯಿ ಕೊನೆಗೆ ಪ್ರಾರ್ಥನೆಗೂ ತೆರೆಯುವುದಿಲ್ಲ. ಚರ್ಚಿಗೆ ಬರುವುದನ್ನು ಸದ್ದಿಲ್ಲದೆ ಬಿಟ್ಟ ಹಲವರನ್ನು ಬಲ್ಲೆ. ಅವರಲ್ಲಿ ದೇವರೊಡನೆ ಜಗಳವಾಡಿ ಹೋದವರು ಕಡಿಮೆ. ಜಗಳವಾಡಬಹುದು ಎಂದು ಗೊತ್ತಿಲ್ಲದೆ ಹೋದವರೇ ಹೆಚ್ಚು.

ಆಗಮನ ಕಾಲದ ಪಾಠಗಳನ್ನೇ ನೋಡಿ. 2025ರ ಡಿಸೆಂಬರ್ 14, ಮೂರನೆಯ ಭಾನುವಾರ, ಯಕೋಬನ ಪತ್ರದ ಐದನೆಯ ಅಧ್ಯಾಯದಿಂದ ಒಂದು ಭಾಗ ಓದಿದರು. ಬೇಸಾಯಗಾರ ಭೂಮಿಯ ಫಲಕ್ಕಾಗಿ, ಮುಂಗಾರು ಹಿಂಗಾರು ಬರುವ ತನಕ ಹೇಗೆ ತಾಳಿಕೊಂಡಿರುತ್ತಾನೋ ಹಾಗೆ ನೀವೂ ತಾಳಿಕೊಳ್ಳಿ ಎಂಬ ಮಾತು ಅಲ್ಲಿದೆ. ತಾಳ್ಮೆಯ ಪ್ರಸಂಗಕ್ಕೆ ಇದಕ್ಕಿಂತ ಒಳ್ಳೆಯ ವಚನ ಇಲ್ಲ. ಆದರೆ ಅಂದಿನ ಪಾಠ ಶುರುವಾಗುವುದು ಏಳನೆಯ ವಚನದಿಂದ. ಅದಕ್ಕೆ ಮೂರೇ ವಚನ ಹಿಂದೆ ಯಕೋಬ ಹಣವಂತರ ಕಡೆ ತಿರುಗಿ, ನಿಮ್ಮ ಹೊಲ ಕೊಯ್ದ ಆಳುಗಳಿಂದ ಹಿಡಿದಿಟ್ಟ ಕೂಲಿ ಕೂಗಿಕೊಳ್ಳುತ್ತಿದೆ, ಆ ಕೂಗು ದೇವರ ಕಿವಿಗೆ ಬಿದ್ದಿದೆ ಎನ್ನುತ್ತಾನೆ. ಮೊದಲು ಕೂಲಿಯ ಕೂಗು, ಆಮೇಲೆ ತಾಳ್ಮೆಯ ಮಾತು. ಈ ಅನುಕ್ರಮ ಬಹಳ ಮುಖ್ಯ. ಅನ್ಯಾಯದ ಹೆಸರು ಹೇಳಿದ ಬಾಯಿಗೆ ಮಾತ್ರ ತಾಳಿರಿ ಎನ್ನುವ ಹಕ್ಕು ಇರುತ್ತದೆ. ಪಾಠಪಟ್ಟಿ ಮಾಡಿದವರನ್ನು ದೂರುತ್ತಿಲ್ಲ; ಆ ಮೊದಲಿನ ವಚನಗಳನ್ನು ಬೇರೆ ವರ್ಷ, ಬೇರೆ ಭಾನುವಾರ ಓದುತ್ತಾರೆ. ಆದರೆ ಪೀಣ್ಯದ ಸುತ್ತಲಿನ ಚರ್ಚುಗಳಲ್ಲಿ ಪ್ರಸಂಗ ಮಾಡುವವರು ಆ ಮೂರು ವಚನ ಹಿಂದಕ್ಕೆ ಹೋಗಿ ಓದಲೇಬೇಕು ಎಂದು ನನ್ನ ಹಟ.

ಹಾಗಾದರೆ ಹಕ್ಕಿಗಾಗಿ ಬೀದಿಗಿಳಿಯುವುದು ತಾಳ್ಮೆಗೇಡೇ? 2016ರ ಏಪ್ರಿಲ್ 18 ಮತ್ತು 19ರಂದು ಬೆಂಗಳೂರಿನ ಗಾರ್ಮೆಂಟ್ಸ್ ಕೆಲಸಗಾರರು, ಅವರಲ್ಲಿ ಬಹುಪಾಲು ಹೆಣ್ಣುಮಕ್ಕಳು, ಹೊಸೂರು ರಸ್ತೆ ಮತ್ತು ತುಮಕೂರು ರಸ್ತೆಗಳನ್ನು ತಡೆದು ನಿಂತರು. ಆ ವರ್ಷ ಫೆಬ್ರವರಿಯಲ್ಲಿ ಬಂದಿದ್ದ ನಿಯಮದ ಪ್ರಕಾರ ಪಿಎಫ್‌ನಲ್ಲಿರುವ ಮಾಲೀಕರ ಪಾಲನ್ನು 58 ವರ್ಷ ತುಂಬುವ ತನಕ ತೆಗೆಯುವಂತಿರಲಿಲ್ಲ. ಮಗಳ ಮದುವೆ, ಗಂಡನ ಆಪರೇಷನ್, ಊರಿನ ಸಾಲ, ಎಲ್ಲಕ್ಕೂ ಪಿಎಫ್ ದುಡ್ಡನ್ನೇ ನಂಬಿದ ಹೆಂಗಸಿಗೆ ಇನ್ನೂ ಇಪ್ಪತ್ತೈದು ಮೂವತ್ತು ವರ್ಷ ಕಾಯಿರಿ ಎಂದಂತಾಯಿತು. ಆ ಎರಡು ದಿನ ಕಲ್ಲು ತೂರಾಟ ನಡೆಯಿತು, ಬಸ್ಸುಗಳಿಗೆ ಬೆಂಕಿ ಬಿತ್ತು, ಲಾಠಿ ಬೀಸಿದರು, ಅಶ್ರುವಾಯು ಸಿಡಿಸಿದರು. ಬೆಂಕಿ ಹಚ್ಚಿದ್ದನ್ನು ನಾನು ಸಮರ್ಥಿಸುವುದಿಲ್ಲ. ಆದರೆ 19ರಂದೇ ಕೇಂದ್ರ ಸರ್ಕಾರ ಆ ನಿಯಮವನ್ನು ಹಿಂದಕ್ಕೆ ಪಡೆಯಿತು. ಆ ಹೆಣ್ಣುಮಕ್ಕಳು ವರ್ಷಾನುಗಟ್ಟಲೆ ಹೊಲಿಗೆ ಮಿಷನ್ ಮುಂದೆ ತಾಳ್ಮೆಯಿಂದ ಕೂತವರೇ. ತಾಳ್ಮೆ ಇಲ್ಲದವರು ಯಾರೂ ಅಷ್ಟು ವರ್ಷ ಗಂಟೆಗೆ ಇಷ್ಟು ಪೀಸ್ ಎಂಬ ಟಾರ್ಗೆಟ್ ಮುಟ್ಟಿಸಲಾರರು. ತಮ್ಮದನ್ನು ತಮ್ಮದು ಎಂದು ಹೇಳಿದ್ದರಿಂದ ಆ ತಾಳ್ಮೆ ಕೆಡಲಿಲ್ಲ.

ಇಲ್ಲಿ ಒಬ್ಬ ಹಿರಿಯರು ನನಗೆ ಹಾಕಿದ ಪ್ರಶ್ನೆಯನ್ನು ಎದುರಿಸಬೇಕು. "ಮರಳುಗಾಡಿನಲ್ಲಿ ಇಸ್ರಯೇಲರು ಗೊಣಗಿದ್ದಕ್ಕೆ ದೇವರು ಕೋಪಿಸಿಕೊಳ್ಳಲಿಲ್ಲವೇ? ನೀವು ಜನರಿಗೆ ಗೊಣಗುವುದನ್ನು ಕಲಿಸುತ್ತಿದ್ದೀರಿ." ಒಳ್ಳೆಯ ಪ್ರಶ್ನೆ. ಉತ್ತರವೂ ಬೈಬಲಿನಲ್ಲೇ ಇದೆ. ಇಸ್ರಯೇಲರು ತಮ್ಮ ಗುಡಾರಗಳೊಳಗೆ ಕೂತು ಗೊಣಗಿದರು ಎಂದು ಮೋಶೆ ನೆನಪಿಸುತ್ತಾನೆ. ಅವರು ದೇವರ ಬಗ್ಗೆ ಮಾತಾಡಿಕೊಂಡರು, ದೇವರ ಹತ್ತಿರ ಮಾತಾಡಲಿಲ್ಲ. ಕೀರ್ತನೆಗಳಲ್ಲಿ ಅಳುವವರು ಹಾಗಲ್ಲ. 13ನೆಯ ಕೀರ್ತನೆಯಲ್ಲಿ ಎರಡೇ ವಚನದೊಳಗೆ 'ಎಲ್ಲಿಯ ತನಕ' ಎಂಬ ಪ್ರಶ್ನೆ ನಾಲ್ಕು ಸಲ ಬರುತ್ತದೆ. ನನ್ನನ್ನು ಮರೆತೇಬಿಟ್ಟೆಯಾ ಎಂದು ನೇರವಾಗಿ ದೇವರನ್ನೇ ಕೇಳುತ್ತಾನೆ ಅವನು. 88ನೆಯದು ಇನ್ನೂ ಕಠಿಣ. ಸಮಾಧಾನದ ಒಂದು ಸಾಲೂ ಇಲ್ಲದೆ ಕತ್ತಲಲ್ಲೇ ಮುಗಿಯುತ್ತದೆ. ಅದನ್ನು ಪವಿತ್ರಗ್ರಂಥದಿಂದ ಯಾರೂ ತೆಗೆದುಹಾಕಲಿಲ್ಲ. ಕನ್ನಡದಲ್ಲಿ ಈ ವ್ಯತ್ಯಾಸಕ್ಕೆ ಎರಡು ಬೇರೆ ಮಾತುಗಳೇ ಇವೆ: ಒಂದು ಗೊಣಗು, ಇನ್ನೊಂದು ಮೊರೆ. ಗೊಣಗುವವನು ಮುಖ ತಿರುಗಿಸಿರುತ್ತಾನೆ. ಮೊರೆ ಇಡುವವನು ಎದುರಿಗೆ ನಿಂತಿರುತ್ತಾನೆ. ಮೊರೆ ಇಡುವುದು ಎಂದರೆ ಕೂಗಿ ದೂರುವುದು, ಮೊರೆ ಹೋಗುವುದು ಎಂದರೆ ಆಶ್ರಯ ಬೇಡುವುದು. ದೂರಿಗೂ ಆಶ್ರಯಕ್ಕೂ ಒಂದೇ ಪದ ಇಟ್ಟುಕೊಂಡ ಭಾಷೆ ನಮ್ಮದು.

ಇನ್ನೊಂದು ಸಂಗತಿ. ಫ್ಯಾಕ್ಟರಿಯಲ್ಲಿ ಸೂಪರ್‌ವೈಸರಿಗೆ 'ಸರ್', 'ನೀವು' ಎನ್ನುವ ಅದೇ ಮನುಷ್ಯ ಸಂಕಟ ಬಂದಾಗ "ದೇವರೇ, ನೀನೇ ಗತಿ" ಎನ್ನುತ್ತಾನೆ. ಚರ್ಚಿನ ಸಾಮೂಹಿಕ ಪ್ರಾರ್ಥನೆಯಲ್ಲಿ 'ನಿಮ್ಮ' ಎಂದು ಗೌರವದಿಂದ ಹೇಳುವವರೂ ಆಸ್ಪತ್ರೆಯ ಕಾರಿಡಾರಿನಲ್ಲಿ 'ನೀನು' ಎಂದೇ ಕರೆಯುತ್ತಾರೆ. ಈ ಸಲಿಗೆ ಹೊರಗಿನಿಂದ ಬಂದದ್ದಲ್ಲ. ವಚನಕಾರರು ಕೂಡಲಸಂಗಮನನ್ನು, ಚೆನ್ನಮಲ್ಲಿಕಾರ್ಜುನನನ್ನು ಏಕವಚನದಲ್ಲೇ ಪ್ರಶ್ನಿಸಿದರು. ದಾಸರಲ್ಲಿ ದೇವರನ್ನು ಬೈಯುತ್ತಲೇ ಹೊಗಳುವ ನಿಂದಾಸ್ತುತಿ ಎಂಬ ಪ್ರಕಾರವೇ ಬೆಳೆಯಿತು. ಉಡುಪಿಯಲ್ಲಿ ಬಾಗಿಲ ಹೊರಗೇ ನಿಂತು ಹಾಡಿದ ಕನಕದಾಸರ ಕಥೆ ಎಲ್ಲ ಕನ್ನಡಿಗರಿಗೂ ಗೊತ್ತು. ಆ ಕಥೆಯಲ್ಲಿ ತಿರುಗಿದ್ದು ಕಾದವನಲ್ಲ, ಒಳಗಿದ್ದ ದೇವರು. ಕನ್ನಡ ಕ್ರೈಸ್ತರಾದ ನಾವು ಈ ಮಣ್ಣಿನ ಮಕ್ಕಳು. ನೇರವಾಗಿ ಕೇಳುವ ಈ ಧೈರ್ಯವನ್ನು ಬಿಟ್ಟು, ಎಲ್ಲವೂ ಚೆನ್ನಾಗಿದೆ ಎಂಬ ನುಣುಪು ಪ್ರಾರ್ಥನೆಯನ್ನು ಯಾಕೆ ಅಭ್ಯಾಸ ಮಾಡಿಕೊಂಡೆವೋ ನನಗೆ ಅರ್ಥವಾಗಿಲ್ಲ. ಮನೆಗಳಲ್ಲಿ ನಡೆಯುವ ಪ್ರಾರ್ಥನಾ ಕೂಟದಲ್ಲಿ ಕೆಲಸ ಕಳೆದುಕೊಂಡವರೂ ಮೊದಲು ಹತ್ತು ನಿಮಿಷ ಸ್ತೋತ್ರ ಹೇಳಿ, ಕೊನೆಗೆ ಅರ್ಧ ವಾಕ್ಯದಲ್ಲಿ ತಮ್ಮ ಸಂಕಟವನ್ನು ನುಂಗಿಕೊಳ್ಳುವುದನ್ನು ನೋಡಿದ್ದೇನೆ. ಸ್ತೋತ್ರ ಬೇಡವೆನ್ನುವುದಿಲ್ಲ. ಆದರೆ ನುಂಗಿದ್ದು ಹೊಟ್ಟೆಯಲ್ಲೇ ಇರುತ್ತದೆ.

ಲೂಕನ ಶುಭಸಂದೇಶ ಶುರುವಾಗುವುದೇ ಹಾಗೆ ನುಂಗಿಕೊಂಡ ಒಬ್ಬ ಯಾಜಕನಿಂದ ಎಂದು ನನಗೆ ತೋರುತ್ತದೆ. ಜಕರೀಯನಿಗೂ ಎಲಿಜಬೇತಳಿಗೂ ವಯಸ್ಸಾಗಿದೆ, ಮಕ್ಕಳಿಲ್ಲ. ದೇವಾಲಯದಲ್ಲಿ ಧೂಪ ಹಾಕುತ್ತಿರುವಾಗ ದೂತ ಬಂದು ನಿನ್ನ ಪ್ರಾರ್ಥನೆ ಕೇಳಲಾಗಿದೆ ಎಂದಾಗ ಅವನಿಗೆ ನಂಬಲಾಗಲಿಲ್ಲ. ವಿಧಿ ತಪ್ಪಿರಲಿಲ್ಲ, ಧೂಪ ನಿಂತಿರಲಿಲ್ಲ. ಕೇಳಿದ್ದು ಬಂದೀತು ಎಂಬ ಆಸೆ ಎಂದೋ ಒಳಗೇ ಆರಿತ್ತು. ಆಸೆ ಆರಿದೆ ಎಂದು ದೇವರಿಗೇ ಹೇಳಿಬಿಟ್ಟಿದ್ದರೆ ಆ ದಿನ ಬೇರೆಯಾಗಿರುತ್ತಿತ್ತೇನೋ. ಮಗುವಿಗೆ ಹೆಸರಿಡುವ ದಿನದ ತನಕ ಅವನು ಮೂಕನಾಗಿ ಕಾದ.

ಅವನ ಮಗ ಸ್ನಾನಿಕ ಯೊವಾನ್ನ. ತಂದೆಗೆ ಬಾರದ ನೇರ ಮಾತು ಮಗನಿಗೆ ಬಂತು. ಡಿಸೆಂಬರ್ 14ರಂದು ಮತ್ತಾಯನ ಶುಭಸಂದೇಶದಿಂದ ಓದಿದ ಭಾಗ ಅವನದೇ: ಹೆರೋದನ ಸೆರೆಮನೆಯಿಂದ ಶಿಷ್ಯರ ಮೂಲಕ ಯೇಸುವಿಗೆ ಅವನು ಕಳುಹಿಸಿದ ಪ್ರಶ್ನೆ. ಬರಬೇಕಾದವನು ನೀನೋ, ಇಲ್ಲವೇ ನಾವು ಬೇರೊಬ್ಬನಿಗೆ ಕಾಯಬೇಕೋ? ಯೊರ್ದಾನ್ ನದಿಯಲ್ಲಿ ಯೇಸುವಿಗೆ ದೀಕ್ಷಾಸ್ನಾನ ಕೊಟ್ಟವನು, ಜನಕ್ಕೆಲ್ಲ ಅವನನ್ನು ತೋರಿಸಿದವನು, ಕತ್ತಲ ಕೋಣೆಯಲ್ಲಿ ಕೂತು ಹೀಗೆ ಕೇಳುತ್ತಾನೆ. ನಮ್ಮ ಸಭೆಯಲ್ಲಿ ಯಾರಾದರೂ ಹೀಗೆ ಕೇಳಿದ್ದರೆ "ಅವರ ವಿಶ್ವಾಸ ಕುಂದಿದೆ, ಪ್ರಾರ್ಥಿಸೋಣ" ಎನ್ನುತ್ತಿದ್ದೆವು. ಯೇಸು ಗದರಲಿಲ್ಲ. ಕುರುಡರಿಗೆ ಕಣ್ಣು ಬರುತ್ತಿದೆ, ಕುಂಟರು ನಡೆಯುತ್ತಿದ್ದಾರೆ, ಬಡವರಿಗೆ ಶುಭಸಂದೇಶ ಸಿಗುತ್ತಿದೆ, ಹೋಗಿ ಕಂಡದ್ದನ್ನು ತಿಳಿಸಿ ಎಂದು ಕಳುಹಿಸಿದ. ಅವರು ಹೊರಟ ಮೇಲೆ, ಹೆಂಗಸರಲ್ಲಿ ಹುಟ್ಟಿದವರಲ್ಲಿ ಯೊವಾನ್ನನಿಗಿಂತ ದೊಡ್ಡವನಿಲ್ಲ ಎಂದು ಜನರ ಮುಂದೆ ಹೊಗಳಿದ. ಪ್ರಶ್ನೆ ಕೇಳಿದ ಮೇಲೂ ಹೊಗಳಿದ ಎಂಬುದನ್ನು ಮರೆಯಬಾರದು. ಇನ್ನೊಂದನ್ನೂ ಮುಚ್ಚಿಡಬಾರದು: ಸೆರೆಮನೆಯ ಬಾಗಿಲು ತೆರೆಯಲಿಲ್ಲ. ಯೊವಾನ್ನನ ತಲೆ ಹೋಯಿತು. ಪ್ರಾಮಾಣಿಕವಾಗಿ ಪ್ರಾರ್ಥಿಸಿದರೆ ಪ್ರಾಜೆಕ್ಟ್ ಸಿಗುತ್ತದೆ, ಫ್ಲ್ಯಾಟ್ ಸಿಗುತ್ತದೆ ಎಂದು ನಾನು ಯಾರಿಗೂ ಹೇಳಲಾರೆ. ಅವನಿಗೆ ಸಿಕ್ಕಿದ್ದು ಬಿಡುಗಡೆಯಲ್ಲ, ಉತ್ತರ. ಅದೂ ಅವನ ಪಾಲಿಗಲ್ಲದೆ ಬೇರೆಯವರ ಪಾಲಿಗೆ ಬೆಳಕು ಹರಿಯುತ್ತಿದೆ ಎಂಬ ಸುದ್ದಿ. ಅದನ್ನು ಕೇಳಿ ಅವನಿಗೆ ಏನನ್ನಿಸಿತೋ ಮತ್ತಾಯ ಬರೆದಿಲ್ಲ.

ಯಕೋಬನ ಬೇಸಾಯಗಾರನ ಬಳಿಗೆ ಮರಳುತ್ತೇನೆ. ಅವನು ನಮಗೆ ದೂರದವನಲ್ಲ. ರಾಜ್ಯ ಸರ್ಕಾರದ ಕಿಯೋನಿಕ್ಸ್ ಸಂಸ್ಥೆ 1970ರ ದಶಕದ ಕೊನೆಯಲ್ಲಿ ಎಲೆಕ್ಟ್ರಾನಿಕ್ ಸಿಟಿ ಕಟ್ಟಲು ಹೊರಟದ್ದು ಕೋನಪ್ಪನ ಅಗ್ರಹಾರ, ದೊಡ್ಡತೋಗೂರುಗಳ 332 ಎಕರೆ ನೆಲದಲ್ಲಿ. ಅಲ್ಲಿಂದ ಆನೇಕಲ್ ಕಡೆ ಹೋದರೆ ಇವತ್ತಿಗೂ ರಾಗಿ ಹೊಲ ಸಿಗುತ್ತದೆ. ಮುಂಗಾರಿನಲ್ಲಿ ಬಿತ್ತಿದ ರಾಗಿ ತೆನೆ ಬಲಿತು ಕೊಯ್ಲಿಗೆ ಬರುವುದು ನವೆಂಬರ್, ಡಿಸೆಂಬರಿನಲ್ಲಿ, ಸರಿಯಾಗಿ ಆಗಮನ ಕಾಲದಲ್ಲಿ. ಆ ರೈತ ಕೈಕಟ್ಟಿ ಕೂತು ಕಾದವನಲ್ಲ. ಕುಂಟೆ ಹೊಡೆದಿದ್ದಾನೆ, ಕಳೆ ಕಿತ್ತಿದ್ದಾನೆ. ಈಗ, ಕೊಯ್ಲಿನ ಹೊತ್ತಿಗೆ, ಬನ್ನೇರುಘಟ್ಟದ ಕಾಡಿನಿಂದ ಆನೆಗಳು ಇಳಿಯುತ್ತವೆ. ಅದಕ್ಕೆ ಕಾಡಂಚಿನ ಊರುಗಳಲ್ಲಿ ಅಟ್ಟಣೆ ಕಟ್ಟಿ, ಬೆಂಕಿ ಹಾಕಿ ರಾತ್ರಿಯೆಲ್ಲ ಹೊಲ ಕಾಯುತ್ತಾರೆ. ಕೊಯ್ದು ಮೆದೆ ಹಾಕಿದ ಮೇಲೂ ಅಕಾಲದ ಮಳೆ ಬಂದೀತೆಂದು ಟಾರ್ಪಾಲಿನ್ ಹಿಡಿದು ಆಕಾಶ ನೋಡುತ್ತಾರೆ.

ಹೊಲ ಕಾಯುವುದು. ಮಳೆಗೆ ಕಾಯುವುದು. ದೇವರು ಕಾಯಲಿ ಎನ್ನುವುದು. ಮೂರರಲ್ಲೂ ಒಂದೇ ಕ್ರಿಯಾಪದ. ನೀರು ಕಾಯುವ 'ಕಾಯು' ಬೇರೆ ಧಾತು, ಅದನ್ನು ಇಲ್ಲಿಗೆ ಎಳೆಯುವುದಿಲ್ಲ. ಆದರೆ ನಿರೀಕ್ಷಿಸುವುದು ಮತ್ತು ರಕ್ಷಿಸುವುದು ಕನ್ನಡದಲ್ಲಿ ಒಂದೇ ಕೆಲಸ. ನಮ್ಮ ಗೇಟಿನ ಅಣ್ಣ ಬೆಳಗಿಗಾಗಿ ಕಾಯುತ್ತ ನಮ್ಮನ್ನು ಕಾಯುತ್ತಾರೆ. ಆಗಮನ ಕಾಲದ ತಾಳ್ಮೆಯನ್ನು ಈ ಪದದಿಂದಲೇ ಅರ್ಥಮಾಡಿಕೊಳ್ಳಬೇಕೆಂದು ನನ್ನ ವಾದ. ಬೆಂಚ್ ಮೇಲಿರುವ ಹುಡುಗ ಕಾಯಬೇಕಾದದ್ದು ಮೇಲ್ ಒಂದನ್ನೇ ಅಲ್ಲ. ತನ್ನ ಮರ್ಯಾದೆಯನ್ನು, ತನ್ನ ನಿದ್ದೆಯನ್ನು, ತನ್ನಂತೆಯೇ ಕಾದಿರುವ ಪಕ್ಕದವನನ್ನು. ಪಿಎಫ್‌ಗಾಗಿ ಬೀದಿಗಿಳಿದವರು ಕಾಯ್ದದ್ದು ತಮ್ಮ ದುಡಿಮೆಯನ್ನು. ಹೀಗೆ ಕಾವಲಿರಬೇಕಾದರೆ ಕಣ್ಣು ತೆರೆದಿರಬೇಕು, ಕಂಡದ್ದನ್ನು ಹೇಳಬೇಕು. ಆನೆ ಬಂದದ್ದನ್ನು ಕಂಡೂ ಕೂಗದ ಕಾವಲುಗಾರನನ್ನು ಯಾರೂ ತಾಳ್ಮೆಯುಳ್ಳವನು ಎನ್ನುವುದಿಲ್ಲ.

ಚರ್ಚುಗಳಲ್ಲಿ ಈಗ ಹಸಿರು ಎಲೆಯ ಬಳೆಯಲ್ಲಿ ನಾಲ್ಕು ಮೇಣದ ಬತ್ತಿ ಇಟ್ಟು ವಾರಕ್ಕೊಂದರಂತೆ ಹಚ್ಚುತ್ತಾರೆ. ಜರ್ಮನಿಯ ಹ್ಯಾಂಬರ್ಗ್‌ನಲ್ಲಿ ಬಡ ಮಕ್ಕಳ ಆಶ್ರಮ ನಡೆಸುತ್ತಿದ್ದ ಯೊಹಾನ್ ಹಿನ್ರಿಕ್ ವಿಖೆರ್ನ್ ಎಂಬ ಪಾದ್ರಿ 1839ರಲ್ಲಿ ಇದನ್ನು ಶುರುಮಾಡಿದರು ಎನ್ನುತ್ತಾರೆ. ಕ್ರಿಸ್ಮಸ್ ಯಾವಾಗ, ಯಾವಾಗ ಎಂದು ಮಕ್ಕಳು ದಿನಾ ಪೀಡಿಸುತ್ತಿದ್ದರು. ಅವರು ಸುಮ್ಮನಿರಿ ಎನ್ನಲಿಲ್ಲ. ಹಳೆಯ ಗಾಡಿಯ ಚಕ್ರವೊಂದನ್ನು ತಂದು, ಭಾನುವಾರಗಳಿಗೆ ದೊಡ್ಡ ಬತ್ತಿ, ಉಳಿದ ದಿನಗಳಿಗೆ ಸಣ್ಣ ಬತ್ತಿ ನಿಲ್ಲಿಸಿ ದಿನಕ್ಕೊಂದು ಹಚ್ಚಿದರು. ನಾವು ಅಲಂಕಾರವೆಂದುಕೊಂಡಿರುವುದು ಮಕ್ಕಳ 'ಎಲ್ಲಿಯ ತನಕ' ಎಂಬ ಪ್ರಶ್ನೆಗೆ ದೊಡ್ಡವರೊಬ್ಬರು ಕೊಟ್ಟ ಮರ್ಯಾದೆ.

ನಮ್ಮ ಗುರುಗಳಿಗೂ ಸಭಾಪಾಲಕರಿಗೂ ನನ್ನದೊಂದು ಬೇಡಿಕೆ. ಆಗಮನ ಕಾಲದ ನಾಲ್ಕು ವಾರಗಳಲ್ಲಿ ವಾರಕ್ಕೊಂದು ದಿನ ಬೆಳಿಗ್ಗೆ ಏಳೂವರೆಗೆ ಚರ್ಚಿನ ಬಾಗಿಲು ತೆರೆದಿಡಿ. ರಾತ್ರಿ ಪಾಳಿ ಮುಗಿಸಿ ಬರುವ ನರ್ಸ್‌ಗಳು, ಕಾಲ್ ಸೆಂಟರಿನವರು, ಸೆಕ್ಯುರಿಟಿಯವರು, ಫ್ಯಾಕ್ಟರಿಯವರು ನಮ್ಮ ಸಭೆಗಳಲ್ಲಿ ಬೇಕಾದಷ್ಟು ಜನ ಇದ್ದಾರೆ. ಸಂಜೆ ಆರರ ಪ್ರಾರ್ಥನೆಗೆ ಅವರು ಬರಲಾರರು. ಪ್ರಸಂಗ ಬೇಡ. 13ನೆಯ ಕೀರ್ತನೆಯನ್ನು ಪೂರ್ತಿ ಓದಿ. ಆಮೇಲೆ ಅವರವರ ಮಾತಿನಲ್ಲಿ ಅವರವರು ಹೇಳಿಕೊಳ್ಳಲಿ, ಯಾರೂ ತಿದ್ದುವುದು ಬೇಡ. 2026ರ ಆಗಮನ ಕಾಲ ನವೆಂಬರ್ 29ರಂದು ಶುರುವಾಗುತ್ತದೆ.